ಲೇಹ್‌ಗೆ ಮೊದಲು ಇಳಿದವರು: ಏರ್ ಕಮೊಡೋರ್ ಮೆಹರ್ ಸಿಂಗ್

ಭಾರತೀಯ ವಾಯುಸೇನೆಯ ಚರಿತ್ರೆಯನ್ನು ಓದುವವರಿಗೆ ಮೆಹರ್ ಸಿಂಗ್ ಅವರ ಹೆಸರು ಹೊಸದಲ್ಲ. ಸಹೋದ್ಯೋಗಿಗಳು ಅವರನ್ನು ಪ್ರೀತಿಯಿಂದ ಬಾಬಾ ಎಂದೇ ಕರೆಯುತ್ತಿದ್ದರು. ನಮ್ಮ ಶಾಲಾ ಪಠ್ಯಗಳಲ್ಲಿ ಮಾತ್ರ ಅವರಿಗೆ ಸಿಕ್ಕಿರುವ ಜಾಗ ಕಡಿಮೆ.

ಇಂದು ಪಾಕಿಸ್ತಾನದ ಫೈಸಲಾಬಾದ್ ಎನಿಸಿರುವ ಲಾಯಲ್‌ಪುರದಲ್ಲಿ 1915ರ ಮಾರ್ಚ್ 20ರಂದು ಅವರು ಜನಿಸಿದರು. ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ತರಬೇತಿ ಪಡೆದು 1936ರಲ್ಲಿ ಅಧಿಕಾರಿಯಾದರು. ಆಗ ನಮ್ಮ ವಾಯುಸೇನೆಯಲ್ಲಿ ಇದ್ದುದು ಒಂದೇ ಸ್ಕ್ವಾಡ್ರನ್. ಅದರಲ್ಲಿದ್ದುದು ಹಳೆಯ ವಾಪಿಟಿ ವಿಮಾನಗಳು. ವಾಯವ್ಯ ಗಡಿನಾಡಿನ ಕಾರ್ಯಾಚರಣೆಯಲ್ಲಿ ಒಮ್ಮೆ ಅವರ ವಿಮಾನ ಬುಡಕಟ್ಟಿನವರ ಸೀಮೆಯಲ್ಲೇ ನೆಲಕ್ಕಿಳಿಯಬೇಕಾಯಿತು. ಅವರೂ ಅವರ ಗನ್ನರ್ ಗುಲಾಂ ಅಲಿಯೂ ಶತ್ರುಗಳ ಕಣ್ಣು ತಪ್ಪಿಸಿ, ಕಾಲ್ನಡೆಯಲ್ಲೇ ಸೇನಾ ಠಾಣೆಯನ್ನು ಸೇರಿಕೊಂಡರು.

ಎರಡನೆಯ ಮಹಾಯುದ್ಧದಲ್ಲಿ ಅವರು 6ನೇ ಸ್ಕ್ವಾಡ್ರನ್ನಿನ ಕಮಾಂಡರ್. 1942ರ ಡಿಸೆಂಬರಿನಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ಈ ದಳ, ಮರುವರ್ಷದ ಕೊನೆಗೆ ಬರ್ಮಾದ ಅರಕಾನ್ ರಂಗಕ್ಕೆ ಹೋಯಿತು. ಹರಿಕೇನ್ ವಿಮಾನಗಳು ಜೋಡಿಯಾಗಿ ಕಾಡಿನ ಮೇಲೆ ತಗ್ಗಿನಲ್ಲಿ ಹಾರಿ ಜಪಾನೀಯರ ನೆಲೆಗಳ ಚಿತ್ರ ತೆಗೆದು ತರಬೇಕಿತ್ತು. ಒಬ್ಬ ಗುರಿ ನೋಡುವಾಗ ಇನ್ನೊಬ್ಬ ಆಕಾಶ ಕಾಯಬೇಕು. ಜನರಲ್ ಸ್ಲಿಮ್ ತಮ್ಮ ನೆನಪಿನ ಪುಸ್ತಕದಲ್ಲಿ ಈ ದಳವನ್ನು ಮೆಚ್ಚಿ ಬರೆದಿದ್ದಾರೆ. 1944ರಲ್ಲಿ ಮೆಹರ್ ಸಿಂಗ್‌ರಿಗೆ ಡಿಎಸ್‌ಒ ಪದಕ ದೊರಕಿತು. ಆ ಯುದ್ಧದಲ್ಲಿ ಈ ಗೌರವ ಪಡೆದ ಭಾರತೀಯ ವಾಯುಸೇನೆಯ ಅಧಿಕಾರಿ ಅವರೊಬ್ಬರೇ.

ಅವರ ನಿಜವಾದ ಪರೀಕ್ಷೆ ನಡೆದುದು 1947-48ರ ಕಾಶ್ಮೀರದಲ್ಲಿ. ಪೂಂಛ್ ಪಟ್ಟಣವನ್ನು ಶತ್ರುಗಳು ಮುತ್ತಿದ್ದರು. ಒಳಗೆ ಬ್ರಿಗೇಡಿಯರ್ ಪ್ರೀತಂ ಸಿಂಗ್‌ರ ಪಡೆಯ ಜೊತೆಗೆ ಸಾವಿರಾರು ನಿರಾಶ್ರಿತರು. ರಸ್ತೆ ಇಲ್ಲ, ಧಾನ್ಯವಿಲ್ಲ, ಔಷಧಿಯಿಲ್ಲ. ಆ ನಿರಾಶ್ರಿತರೇ ಕೈಜೋಡಿಸಿ ಒಂದು ಪುಟ್ಟ ರನ್‌ವೇ ಮಾಡಿಕೊಟ್ಟರು. 1947ರ ಡಿಸೆಂಬರಿನಲ್ಲಿ ಮೆಹರ್ ಸಿಂಗ್ ತಾವೇ ಮುಂದಾಗಿ ಅಲ್ಲಿಗೆ ಇಳಿದರು. ಬಳಿಕ ಡಕೋಟಾಗಳ ಸಾಲೇ ಬಂತು. ಬರುವಾಗ ಧಾನ್ಯ, ಮದ್ದುಗುಂಡು, ಹೋಗುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. ರನ್‌ವೇ ಮೇಲೆ ಶೆಲ್ ಬೀಳತೊಡಗಿದಾಗ ಎಣ್ಣೆ ದೀಪಗಳ ಬೆಳಕಿನಲ್ಲಿ ರಾತ್ರಿಯೇ ಇಳಿದು ಫಿರಂಗಿಗಳನ್ನು ಮುಟ್ಟಿಸಿದರು. 1948ರ ನವೆಂಬರಿನಲ್ಲಿ ಮುತ್ತಿಗೆ ಮುರಿಯುವವರೆಗೆ ಪೂಂಛ್ ಬದುಕಿದ್ದು ಈ ವಿಮಾನಗಳಿಂದ.

ಲೇಹ್ ಇದಕ್ಕಿಂತ ಕಠಿಣ. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಮರಳ ಮೇಲೆ ಇಳಿದಾಣ ಸಿದ್ಧಪಡಿಸಿದ್ದರು. ಡಕೋಟಾದೊಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯಿಲ್ಲ. ಆ ದಾರಿಯಲ್ಲಿ ಅದುವರೆಗೆ ಯಾರೂ ಹಾರಿದವರಿಲ್ಲ. 1948ರ ಮೇ 24ರಂದು ಮೆಹರ್ ಸಿಂಗ್ ಹಿಮಶಿಖರಗಳ ನಡುವೆ ಹಾರಿ ಅಲ್ಲಿ ಇಳಿದರು. ಜೊತೆಗಿದ್ದ ಪ್ರಯಾಣಿಕರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಹಿಂದೆಯೇ ಸೈನಿಕರು ಬಂದರು, ಲೇಹ್ ಉಳಿಯಿತು.

ಆದರೆ ಅದೇ ವರ್ಷ, ಮೇಲಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬಂದು, ಅವರು ರಾಜೀನಾಮೆ ಕೊಟ್ಟು ಹೊರನಡೆದರು. ಯುದ್ಧವಿನ್ನೂ ಮುಗಿದಿರಲಿಲ್ಲ. ಯಾರದು ಸರಿ ಎಂಬ ಚರ್ಚೆ ಏನೇ ಇರಲಿ, ನಷ್ಟವಾದುದು ದೇಶಕ್ಕೆ. 1950ರ ಜನವರಿ 26ರಂದು ಮಹಾವೀರ ಚಕ್ರ ಘೋಷಣೆಯಾದಾಗ ಅವರು ಸಮವಸ್ತ್ರದಲ್ಲಿರಲಿಲ್ಲ. ಪಟಿಯಾಲ ಮಹಾರಾಜರಿಗೆ ಸಲಹೆಗಾರರಾಗಿದ್ದರು.

1952ರ ಮಾರ್ಚ್ 16ರ ರಾತ್ರಿ ಜಮ್ಮುವಿನಿಂದ ದೆಹಲಿಗೆ ಸಣ್ಣ ವಿಮಾನವೊಂದನ್ನು ಹಾರಿಸುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಅವರು ತೀರಿಕೊಂಡರು. ಮೂವತ್ತೇಳು ತುಂಬಲು ಇನ್ನು ನಾಲ್ಕು ದಿನವಿತ್ತು.