ಪಂಡಿತಾ ರಮಾಬಾಯಿಯೂ ಕಡಲಾಚೆಗೆ ಹೋಗುವ ಮಕ್ಕಳೂ



ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳ ನಮ್ಮ ಸಭೆಗಳಲ್ಲಿ ಬಂಧುಬಳಗವು ಪರದೇಶಗಳಲ್ಲಿ ನೆಲಸಿರುವಂಥ ಕುಟುಂಬಗಳು ಅನೇಕವಿರುವವು. ಆದದರಿಂದ ತಾಯಿತಂದೆಗಳಿಲ್ಲದ ಒಂದು ಮಗುವನ್ನೋ, ಸಾಕಲಾರದ ಬಡತಾಯಿಯ ಕೂಸನ್ನೋ ಪರದೇಶದ ದೇವಭಕ್ತರಾದ ದಂಪತಿಗಳು ಬೇಡಿದರೆ ಅವರ ಕೈಗೆ ಒಪ್ಪಿಸಿಬಿಡುವದರಲ್ಲಿ ತಪ್ಪೇನು ಎಂಬ ಪ್ರಶ್ನೆಯು ನಮ್ಮೊಳಗೆ ಏಳುವದುಂಟು. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ನಮ್ಮ ನೆರೆಯ ಕಾರ್ಕಳ ಸೀಮೆಯ ಮೂಲದವಳಾದ ಪಂಡಿತಾ ರಮಾಬಾಯಿಯ ಚರಿತ್ರೆಯನ್ನು ನಿಮ್ಮ ಮುಂದೆ ಇಡುವೆವು. ಆಕೆಯು ತನ್ನ ಮಗುವನ್ನು ಎತ್ತಿಕೊಂಡು ಕಡಲನ್ನು ದಾಟಿದವಳು. ಪರರ ಮಕ್ಕಳನ್ನು ಸಾವಿರಗಟ್ಟಲೆಯಾಗಿ ತನ್ನವರನ್ನಾಗಿ ಮಾಡಿಕೊಂಡವಳು.

ರಮಾಬಾಯಿಯ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆ ಎಂಬವರ ಊರು ಘಟ್ಟದ ಬುಡದಲ್ಲಿರುವ ಮಾಳ ಗ್ರಾಮವು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಟ್ಟಳೆಯನ್ನು ಮೀರಿ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಶಾಸ್ತ್ರಪಾಠಗಳನ್ನು ಹೇಳಿಕೊಟ್ಟರು. ಇದರಿಂದ ಜನರ ವಿರೋಧಕ್ಕೆ ಗುರಿಯಾಗಿ ಗಂಗಾಮೂಲವೆಂಬ ಅಡವಿಯಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ಅಲ್ಲಿಯೇ ೧೮೫೮ನೇ ಇಸವಿ ಏಪ್ರಿಲ್ ೨೩ರಂದು ರಮಾಬಾಯಿಯು ಹುಟ್ಟಿದಳು. ಆಕೆಯು ಇನ್ನೂ ಎಳೆಗೂಸಾಗಿದ್ದಾಗಲೇ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿದರು. ಹೀಗೆ ಊರಿಲ್ಲದ ಮಗುವಾಗಿಯೇ ಆಕೆಯು ಬೆಳೆದು ತಾಯಿಯ ಬಾಯಿಂದ ಸಂಸ್ಕೃತವನ್ನು ಕಲಿತಳು.

ಬರಗಾಲವು ಬಂತು. ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಉಳಿದ ಅಣ್ಣನ ಸಂಗಡ ಆಕೆಯು ಕಾಲ್ನಡೆಯಾಗಿ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲಕತ್ತೆಗೆ ಮುಟ್ಟಿದಳು. ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದು ಕೊಟ್ಟರು. ೧೮೮೦ರಲ್ಲಿ ಅಣ್ಣನು ಸತ್ತನು. ಅದೇ ವರುಷ ಆಕೆಯು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲನನ್ನು ಜಾತಿಭೇದವನ್ನೆಣಿಸದೆ ವಿವಾಹವಾದಳು. ೧೮೮೧ರಲ್ಲಿ ಮನೋರಮೆ ಎಂಬ ಹೆಣ್ಣುಮಗುವು ಹುಟ್ಟಿತು. ಮರುವರುಷವೇ ಗಂಡನು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತನಾಲ್ಕನೆಯ ವಯಸ್ಸಿನೊಳಗೆ ತಾಯಿತಂದೆ, ಒಡಹುಟ್ಟಿದವರು, ಗಂಡ, ಈ ಎಲ್ಲರನ್ನು ಕಳಕೊಂಡವಳಿಗೆ ಉಳಿದದ್ದು ಆ ಒಂದು ಮಗುವು ಮಾತ್ರವೇ.

೧೮೮೩ರಲ್ಲಿ ರಮಾಬಾಯಿಯು ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಎರಡು ವರುಷದ ಮನೋರಮೆಯನ್ನು ಕರಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದಳು. ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಕನ್ನಿಕೆ ಮರಿಯಳ ಹೆಸರಿನ ಸಹೋದರಿಯರು ತಾಯಿಮಗಳಿಬ್ಬರನ್ನೂ ಆದರದಿಂದ ಸೇರಿಸಿಕೊಂಡರು. ಅದೇ ವರುಷ ಸೆಪ್ಟೆಂಬರ್ ೨೯ರಂದು ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಕಿವಿ ಮಂದವಾದದರಿಂದ ವೈದ್ಯವಿದ್ಯೆಯು ಕೈಗೂಡಲಿಲ್ಲ. ಆಕೆಯು ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ವಿದ್ಯಾಶಾಲೆಗೆ ಹೋಗಿ ತಾನು ಕಲಿಯುತ್ತಾ ಸಂಸ್ಕೃತವನ್ನು ಕಲಿಸುತ್ತಾ ಇದ್ದಳು. ಆ ಕಾಲದಲ್ಲಿ ಮಗುವು ಸಹೋದರಿಯರ ಪೋಷಣೆಯಲ್ಲಿ ಬೆಳೆಯಿತು.

ಇಲ್ಲಿಯೇ, ಪ್ರಿಯರೇ, ಒಂದು ಕಠಿಣವಾದ ವಾದವು ಹುಟ್ಟಿತು. ಸಹೋದರಿಯರು ಮನೋರಮೆಯನ್ನು ನಿಜವಾಗಿಯೂ ಪ್ರೀತಿಸಿದರು. ಆದರೆ ಅವಳಿಗೆ ಯಾವ ಉಪದೇಶವನ್ನು ಯಾವ ಕ್ರಮದಲ್ಲಿ ಕೊಡಬೇಕೆಂಬದನ್ನು ತಾವೇ ತೀರ್ಮಾನಿಸಬೇಕೆಂದು ಬಯಸಿದರು. ರಮಾಬಾಯಿಯು ಅವರ ಅನ್ನವನ್ನು ಉಂಡವಳಾಗಿದ್ದರೂ ಇದಕ್ಕೆ ಒಡಂಬಡಲಿಲ್ಲ. ತನ್ನ ಮಗಳು ಸ್ವದೇಶದವರಿಗೆ ಪರಕೀಯಳಾಗಬಾರದೆಂತಲೂ, ಅವಳ ವಿಷಯವಾಗಿ ಕೊನೆಯ ಮಾತು ತಾಯಿಯದಾಗಿರಬೇಕೆಂತಲೂ ಕಾಗದದ ಮೇಲೆ ಕಾಗದ ಬರೆದಳು. ತಾನು ಸಹ ಆ ದೇಶದಲ್ಲಿ ಮಾಂಸಾಹಾರವನ್ನು ಮುಟ್ಟದೆ ತನ್ನ ದೇಶದ ನಡೆಯನ್ನು ಕಾಪಾಡಿಕೊಂಡಳು. ಉಪಕಾರ ಮಾಡಿದವರಿಗೆ ಕೃತಜ್ಞತೆಯು ಸಲ್ಲಬೇಕು. ಆದರೆ ಉಪಕಾರಕ್ಕೆ ಕ್ರಯವಾಗಿ ಮಗುವನ್ನು ಕೊಡತಕ್ಕದ್ದಲ್ಲ ಎಂಬದು ಆಕೆಯ ನಡತೆಯಿಂದ ತೋರಿಬಂತು.

೧೮೮೬ರಲ್ಲಿ ಆಕೆಯು ಅಮೇರಿಕಾ ದೇಶಕ್ಕೆ ಹೋಗಿ ನಮ್ಮ ದೇಶದ ವಿಧವೆಯರ ಸಂಕಟವನ್ನು ಊರೂರಲ್ಲಿ ತಿಳಿಸಿದಳು. ಬಾಸ್ಟನ್ ಪಟ್ಟಣದಲ್ಲಿ ಆಕೆಯ ಹೆಸರಿನಿಂದ ಒಂದು ಸಂಘವು ಏರ್ಪಟ್ಟು ಹತ್ತು ವರುಷಗಳ ವರೆಗೆ ಸಹಾಯ ಮಾಡುವದಾಗಿ ಮಾತು ಕೊಟ್ಟಿತು. ೧೮೮೯ರಲ್ಲಿ ಆಕೆಯು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಳು. ಅದು ಮರುವರುಷ ಪುಣೆಗೆ ಸಾಗಿತು.

ಅಲ್ಲಿ ಆಕೆಗೆ ಅದೇ ಪರೀಕ್ಷೆಯು ತಿರುಗಿ ಬಂತು; ಈ ಸಾರಿ ಆಕೆಯು ಇನ್ನೊಂದು ಪಕ್ಷದಲ್ಲಿದ್ದಳು. ಸದನದ ಹುಡುಗಿಯರು ಆಕೆಯ ಪ್ರಾರ್ಥನೆಗೆ ಬಂದು ಕೂತುಕೊಳ್ಳುತ್ತಿದ್ದರು. ೧೮೯೩ರಲ್ಲಿ ಈ ಸಂಗತಿಯ ನಿಮಿತ್ತ ದೊಡ್ಡ ಗದ್ದಲವೆದ್ದು, ಸದನದ ಆಲೋಚನಾ ಮಂಡಲಿಯವರು ಹೊರಟುಹೋದರು. ಪೋಷಕರು ಅನೇಕ ಹುಡುಗಿಯರನ್ನು ಹಿಂದಕ್ಕೆ ಕರಕೊಂಡು ಹೋದರು. ಹಿಂದೆ ತಾಯಿಯ ಹಕ್ಕಿಗಾಗಿ ವಾದಿಸಿದವಳ ಎದುರಿಗೆ ಈಗ ಬೇರೆ ಹೆತ್ತವರು ನಿಂತಿದ್ದರು. ಸಾಕುವವರ ಮನಸ್ಸು ಎಷ್ಟು ಶುದ್ಧವಾಗಿದ್ದರೂ ಹೆತ್ತವರ ಭಯವು ಹುರುಳಿಲ್ಲದ್ದಲ್ಲವೆಂಬದನ್ನು ಈ ಎರಡು ಸಂಗತಿಗಳನ್ನು ಒತ್ತಟ್ಟಿಗೆ ಇಟ್ಟು ನಾವು ಕಲಿಯತಕ್ಕದ್ದು.

೧೮೯೬–೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರವಾದ ಬರಗಾಲವು ಬಿದ್ದಿತು. ತಾನು ಬಾಲ್ಯದಲ್ಲಿ ಉಂಡ ಹಸಿವು ರಮಾಬಾಯಿಯ ನೆನಪಿಗೆ ಬಂದು, ಆಕೆಯು ತಾನೇ ಅಲ್ಲಿಗೆ ಹೋಗಿ ಸುಮಾರು ೩೦೦ ಹುಡುಗಿಯರನ್ನು ಕರತಂದಳು. ೧೯೦೦ರ ಬರಗಾಲದಲ್ಲಿ ಗುಜರಾತಿನಿಂದ ಇನ್ನೂ ಅನೇಕರು ಬಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಕಟ್ಟಿದ ಮುಕ್ತಿ ಸದನದಲ್ಲಿ ಸುಮಾರು ೨೦೦೦ ಮಂದಿ ವಾಸಿಸಿದರು. ಅವರಿಗೆ ಓದುಬರಹದ ಜೊತೆಗೆ ನೇಯಿಗೆ, ಬೇಸಾಯ, ಅಚ್ಚುಕೆಲಸ ಮುಂತಾದವುಗಳನ್ನು ಕಲಿಸಿದರು. ಕುರುಡರಿಗೆ ಬೆರಳಿನಿಂದ ಓದುವ ಲಿಪಿಯನ್ನೂ ಹೇಳಿಕೊಟ್ಟರು. ಹಣವು ಪರದೇಶಗಳಿಂದಲೂ ಬಂತು. ಮಕ್ಕಳಾದರೋ ಸ್ವದೇಶದಲ್ಲಿಯೇ ಬೆಳೆದರು. ಮನೋರಮೆಯು ವಿದ್ಯಾವಂತಳಾಗಿ ತಾಯಿಯ ಬಲಗೈಯಾದಳು. ೧೯೨೧ರಲ್ಲಿ ಮಗಳು ಮುಂದಾಗಿ ಹೋದಳು. ರಮಾಬಾಯಿಯು ಸತ್ಯವೇದವನ್ನು ಮರಾಠಿ ಭಾಷೆಗೆ ತಿರುಗಿಸುವ ಕೆಲಸವನ್ನು ಮುಗಿಸಿ ೧೯೨೨ನೇ ಏಪ್ರಿಲ್ ೫ರಂದು ಕರ್ತನಲ್ಲಿ ನಿದ್ರೆಹೋದಳು.

ಆಕೆಯ ಕಾಲದ ತರುವಾಯ ಅನಾಥ ಮಕ್ಕಳನ್ನು ದೇಶದಿಂದ ದೇಶಕ್ಕೆ ದತ್ತು ಕೊಡುವದು ಹೆಚ್ಚಿತು. ಅಮೇರಿಕಾ ದೇಶದ ಹ್ಯಾರಿ ಹೋಲ್ಟ್ ಎಂಬ ದೇವಭಕ್ತನಾದ ಬೇಸಾಯಗಾರನೂ ಅವನ ಪತ್ನಿ ಬರ್ಥಾಳೂ ೧೯೫೫ರಲ್ಲಿ ಕೊರಿಯಾ ದೇಶದ ೮ ಮಕ್ಕಳನ್ನು ತಮ್ಮವರನ್ನಾಗಿ ಮಾಡಿಕೊಂಡರು. ಅದಕ್ಕೋಸ್ಕರ ಅಲ್ಲಿಯ ಶಾಸನಸಭೆಯು ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಇವರ ಪ್ರೀತಿಯು ದೊಡ್ಡದು. ಆದರೆ ಮಗುವನ್ನು ಕಣ್ಣಿನಿಂದ ಕಾಣದೆಯೇ ದೂರದಿಂದ ದತ್ತುಪತ್ರ ಮಾಡಿಸುವ ಪದ್ಧತಿಯು ಬೆಳೆದಾಗ, ಮಕ್ಕಳು ಯಾರ ಕೈಗೆ ಬೀಳುವರೋ ಎಂದು ಅನೇಕರು ಆಕ್ಷೇಪಿಸಿದರು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೮೪ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರ ಅರ್ಜಿಯ ಮೇಲೆ ಇದಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿತು. ೧೯೯೩ರಲ್ಲಿ ಹೇಗ್ ಪಟ್ಟಣದಲ್ಲಿ ರಾಷ್ಟ್ರಗಳು ಒಂದು ಒಡಂಬಡಿಕೆಯನ್ನು ಮಾಡಿದವು. ನಮ್ಮ ದೇಶವು ೨೦೦೩ರಲ್ಲಿ ಅದಕ್ಕೆ ಸೇರಿತು.

ಈಗಿನ ಕ್ರಮವು ಹೀಗಿರುವದು. ಹಾದಿಯಲ್ಲಿ ಸಿಕ್ಕಿದ ಕೂಸನ್ನು ೨೪ ತಾಸುಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ತಾಯಿಯು ಸಾಕಲಾರದೆ ಒಪ್ಪಿಸುವದಾದರೂ ಆ ಸಮಿತಿಯ ಮುಂದೆಯೇ ಒಪ್ಪಿಸಬೇಕು. ಆಕೆಯು ಮನಸ್ಸು ತಿರುಗಿಸಿಕೊಳ್ಳುವದಕ್ಕೆ ಎರಡು ತಿಂಗಳು ಕಾಲ ಕೊಡಲ್ಪಡುವದು. ಸಮಿತಿಯು ಮಗುವನ್ನು ದತ್ತಿಗೆ ಮುಕ್ತವೆಂದು ಪ್ರಕಟಿಸಿದ ಮೇಲೆ ಮೊದಲು ನಮ್ಮ ದೇಶಸ್ಥರಲ್ಲಿ ಮನೆಯನ್ನು ಹುಡುಕುವರು. ಅಲ್ಲಿ ಸಿಕ್ಕದಿದ್ದರೆ ಮಾತ್ರ ಪರದೇಶಸ್ಥರಿಗೆ ಸಂದರ್ಭವುಂಟು. ಅವರು ನೇರವಾಗಿ ಅನಾಥಶಾಲೆಯ ಬಾಗಲಿಗೆ ಬಂದು ಮಗುವನ್ನು ಆರಿಸಿಕೊಳ್ಳಕೂಡದು. ತಮ್ಮ ದೇಶದ ಅಧಿಕೃತ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಅವರ ಮನೆಯನ್ನೂ ಆರೋಗ್ಯವನ್ನೂ ವರಮಾನವನ್ನೂ ಅಲ್ಲಿಯವರು ಪರೀಕ್ಷಿಸಿ ವರದಿ ಕಳುಹಿಸಬೇಕು. ದಿಲ್ಲಿಯ ಕೇಂದ್ರೀಯ ದತ್ತು ಪ್ರಾಧಿಕಾರವು ಒಪ್ಪಿಗೆ ಕೊಟ್ಟ ತರುವಾಯ ಜಿಲ್ಲಾಧಿಕಾರಿಯು ಆಜ್ಞೆ ಹೊರಡಿಸುವನು. ಈ ಅಧಿಕಾರವು ೨೦೨೨ರ ವರೆಗೆ ನ್ಯಾಯಾಲಯಕ್ಕಿತ್ತು. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ವಿಚಾರಿಸುವರು. ಮಗುವು ಹೋದ ಮೇಲೆಯೂ ಎರಡು ವರುಷಗಳ ತನಕ ಅದರ ಕ್ಷೇಮಸಮಾಚಾರವು ಇಲ್ಲಿಗೆ ಬರುತ್ತಿರಬೇಕು. ಮಗುವನ್ನು ಹಣಕ್ಕೆ ಕೊಟ್ಟವರಿಗೂ ಕೊಂಡವರಿಗೂ ಐದು ವರುಷಗಳ ವರೆಗೆ ಕಠಿಣ ಸೆರೆಯೂ ಒಂದು ಲಕ್ಷ ರೂಪಾಯಿ ದಂಡವೂ ಉಂಟು.

ಇನ್ನೊಂದು ಸಂಗತಿಯನ್ನು ನಮ್ಮ ಸಭೆಯವರು ವಿಶೇಷವಾಗಿ ಅರಿಯಬೇಕು. ಪೂರ್ವದಲ್ಲಿ ಕ್ರೈಸ್ತರಿಗೆ ದತ್ತಿನ ಕಾನೂನೇ ಇರಲಿಲ್ಲ. ೧೮೯೦ರ ಕಾಯಿದೆಯ ಪ್ರಕಾರ ಪೋಷಕರಾಗುವದಷ್ಟೇ ಸಾಧ್ಯವಿತ್ತು. ಬಾಲನ್ಯಾಯ ಕಾಯಿದೆಯಿಂದ, ಅದು ೨೦೦೬ರಲ್ಲಿ ತಿದ್ದಲ್ಪಟ್ಟು ೨೦೧೫ರಲ್ಲಿ ಹೊಸದಾಗಿ ಮಾಡಲ್ಪಟ್ಟ ಮೇಲೆ, ಯಾವ ಮತದವರಾದರೂ ದತ್ತು ತೆಗೆದುಕೊಳ್ಳಬಹುದು. ಆ ಮಗುವಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಕ್ಕುಗಳೆಲ್ಲಾ ಇರುವವು. ಹೀಗಿರಲಾಗಿ ಮಕ್ಕಳಿಲ್ಲದ ದಂಪತಿಗಳು ನಮ್ಮೊಳಗೇ ಇರುವಾಗ ಪರದೇಶದವರೇ ಬರಲೆಂದು ಕಾಯುವದೇಕೆ?

ಮೋಶೆಯು ಫರೋಹನ ಮಗಳ ಮನೆಯಲ್ಲಿ ಬೆಳೆದನು. ಆದರೆ ಅವನಿಗೆ ಹಾಲುಣಿಸಿದವಳು ಹೆತ್ತತಾಯಿಯೇ. ನದಿಯ ದಡದಲ್ಲಿ ಅವನ ಅಕ್ಕನು ನಿಂತು ಕಾದುಕೊಂಡದ್ದರಿಂದ ಅದು ಸಾಧ್ಯವಾಯಿತು. ಆ ಅಕ್ಕನ ಕೆಲಸವು ಈಗ ನಮ್ಮ ಸಭೆಗಳಿಗೆ ಬಂದಿರುವದು. ನಿಮ್ಮ ಹಳ್ಳಿಯಲ್ಲಿ ಅಂಥ ತಾಯಿಯಾಗಲಿ ಕೂಸಾಗಲಿ ಕಂಡುಬಂದರೆ, ಯಾರೋ ದಯಾಳುಗಳೆಂದು ನಂಬಿ ಮಗುವನ್ನು ಕತ್ತಲೆಯಲ್ಲಿ ಕೈದಾಟಿಸಬೇಡಿರಿ. ೧೦೯೮ ಎಂಬ ಸಂಖ್ಯೆಗೆ ಫೋನು ಮಾಡಿರಿ. ಇಲ್ಲವೆ ಸಭಾಪಾಲಕರನ್ನು ಕೂಡಿಕೊಂಡು ಉಡುಪಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿರಿ. ಆ ತಾಯಿಯನ್ನು ನಿಂದಿಸದೆ ಆಕೆಯ ಎರಡು ತಿಂಗಳುಗಳಲ್ಲಿ ಅಕ್ಕಿಯನ್ನೂ ಧೈರ್ಯವನ್ನೂ ಕೊಡಿರಿ. ಆ ಸಹಾಯದಿಂದ ಆಕೆಯೇ ಮಗುವನ್ನು ಇಟ್ಟುಕೊಳ್ಳುವಂತಾದರೆ ಕರ್ತನಿಗೆ ಸ್ತೋತ್ರ ಸಲ್ಲಿಸೋಣ.