ನೂರು ವರ್ಷದ ಮಳೆ ಮುಂದಿನ ವರ್ಷವೂ ಬರಬಹುದು! ಲೆಕ್ಕ ಹೇಳಿಕೊಟ್ಟ ಗುಂಬೆಲ್ ಕಥೆ

ಅತ್ತಿಗುಪ್ಪೆಯಿಂದ ಮೈಸೂರು ರಸ್ತೆ ಕಡೆ ಹೋದರೆ ವೃಷಭಾವತಿ ಸಿಗುತ್ತಾಳೆ. ಜೋರು ಮಳೆಯಾದ ಮರುದಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ, ಇನ್ನು ನಮ್ಮ ಕಾಲಕ್ಕೆ ಚಿಂತೆಯಿಲ್ಲ. ಇದು ನಿಜವೇ? ಅಲ್ಲ. ಇದನ್ನು ತಿಳಿಯಲು ಎಮಿಲ್ ಗುಂಬೆಲ್ ಎಂಬ ಗಣಿತಜ್ಞರ ಬದುಕನ್ನು ನೋಡೋಣ.

ಗುಂಬೆಲ್ ಹುಟ್ಟಿದ್ದು 1891ರಲ್ಲಿ, ಜರ್ಮನಿಯ ಮ್ಯೂನಿಕ್‌ನ ಯಹೂದಿ ಕುಟುಂಬದಲ್ಲಿ. ಮೊದಲ ಮಹಾಯುದ್ಧದ ಅನುಭವ ಅವರನ್ನು ಯುದ್ಧವಿರೋಧಿಯಾಗಿಸಿತು. ಯುದ್ಧದ ನಂತರ ದೇಶದಲ್ಲಿ ರಾಜಕೀಯ ಕೊಲೆಗಳು ಹೆಚ್ಚಿದಾಗ ಅವರು ಒಂದೊಂದನ್ನೂ ಎಣಿಸಿ 1922ರಲ್ಲಿ ಪುಸ್ತಕ ತಂದರು. ಬಲಪಂಥೀಯರು ಮಾಡಿದ ಕೊಲೆ 354, ಎಡಪಂಥೀಯರು ಮಾಡಿದ್ದು 22. ಮೊದಲನೆಯ ಗುಂಪಿನ ಬಹುಪಾಲು ಕೊಲೆಗಳಿಗೆ ಶಿಕ್ಷೆಯೇ ಆಗಿರಲಿಲ್ಲ. ಈ ಅಂಕಿಗಳು ಅವರಿಗೆ ದುಬಾರಿಯಾದವು. 1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಹಕ್ಕು ಹೋಯಿತು. 1933ರಲ್ಲಿ ನಾಜಿಗಳು ಪೌರತ್ವವನ್ನೂ ಕಿತ್ತುಕೊಂಡರು. ಗುಂಬೆಲ್ ಫ್ರಾನ್ಸ್ ಸೇರಿದರು. 1940ರಲ್ಲಿ ಅಲ್ಲಿಗೂ ಜರ್ಮನ್ ಸೇನೆ ಬಂದಾಗ ಅಮೆರಿಕಕ್ಕೆ ತಪ್ಪಿಸಿಕೊಂಡರು.

ಈ ಅಲೆದಾಟದ ನಡುವೆಯೇ ಅವರ ದೊಡ್ಡ ಕೆಲಸ ನಡೆಯಿತು. ಗಂಟೆಯಾಕಾರದ ಸಾಮಾನ್ಯ ವಿತರಣೆಯ ರೇಖೆ ಸರಾಸರಿಯ ಸುತ್ತಲಿನ ಸಂಗತಿಗಳಿಗೆ ಸರಿ. ಆದರೆ ಸೇತುವೆ ಕೊಚ್ಚಿಹೋಗುವುದು ಸರಾಸರಿ ಮಳೆಗಲ್ಲ, ಅತಿ ದೊಡ್ಡ ಮಳೆಗೆ. ಹಾಗಾಗಿ ಗುಂಬೆಲ್ ಪ್ರತಿ ವರ್ಷದ ಗರಿಷ್ಠ ಅಂಕಿಯನ್ನು ಮಾತ್ರ ತೆಗೆದುಕೊಂಡರು. 50 ವರ್ಷದ ದಾಖಲೆ ಇದ್ದರೆ 50 ಅಂಕಿ. ಅವುಗಳನ್ನು ಜೋಡಿಸಿದರೆ ರೇಖೆ ಎರಡೂ ಕಡೆ ಸಮನಾಗಿರುವುದಿಲ್ಲ, ಬಲಕ್ಕೆ ಉದ್ದನೆಯ ಬಾಲ ಇರುತ್ತದೆ. ಅಪರೂಪದ ಅನಾಹುತ ಇರುವುದು ಆ ಬಾಲದಲ್ಲೇ. 1941ರಲ್ಲಿ ಅವರು ಈ ಲೆಕ್ಕವನ್ನು ನದಿಗಳ ಪ್ರವಾಹಕ್ಕೆ ಅನ್ವಯಿಸಿ ತೋರಿಸಿದರು. ಇಂದು ನಮ್ಮ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಗುಂಬೆಲ್ ವಿಧಾನ ಕಲಿಯುತ್ತಾರೆ.

ಆದರೆ ಗುಂಬೆಲ್ ರೇಖೆಯ ಬಾಲಕ್ಕೆ ಒಂದೇ ಆಕಾರ. ಎಲ್ಲ ಊರಿನ ಮಳೆ ಅದಕ್ಕೆ ಹೊಂದುವುದಿಲ್ಲ. 1955ರಲ್ಲಿ ಜೆಂಕಿನ್ಸನ್ ಎಂಬುವರು ಸೂತ್ರಕ್ಕೆ ಇನ್ನೊಂದು ಅಂಕಿ ಸೇರಿಸಿ, ಬಾಲವನ್ನು ಬೇಕಾದಂತೆ ಉದ್ದ ಗಿಡ್ಡ ಮಾಡುವ ಅನುಕೂಲ ತಂದರು. ಗುಂಬೆಲ್ ರೇಖೆ ಅದರ ಒಂದು ರೂಪವಾಗಿ ಉಳಿಯಿತು. ಹೀಗೆ ವಾಸ್ತವಕ್ಕೆ ಒಗ್ಗುವ ಹೊಸ ವಿತರಣೆಗಳನ್ನು ಕಟ್ಟುವ ಕೆಲಸ ಇಂದಿಗೂ ನಡೆದಿದೆ. ಗುಂಬೆಲ್ 1958ರಲ್ಲಿ ತಮ್ಮ ಮುಖ್ಯ ಗ್ರಂಥ ಪ್ರಕಟಿಸಿ, 1966ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಪ್ರಶ್ನೆಗೆ ಬರೋಣ. ನೂರು ವರ್ಷದ ಮಳೆ ಎಂದರೆ ಪ್ರತಿ ವರ್ಷವೂ ಅಂಥ ಮಳೆ ಬರುವ ಸಾಧ್ಯತೆ ಶೇ. 1 ಎಂದಷ್ಟೇ ಅರ್ಥ. ಈ ವರ್ಷ ಬಂದರೂ ಮುಂದಿನ ವರ್ಷದ ಶೇ. 1 ಹಾಗೇ ಇರುತ್ತದೆ. ನಿಮ್ಮ ಮನೆ ಸಾಲ 30 ವರ್ಷದ್ದಾದರೆ, ಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ಮಳೆ ಬರುವ ಸಾಧ್ಯತೆ ಸುಮಾರು ಶೇ. 26. ಅಂದರೆ ನಾಲ್ಕರಲ್ಲಿ ಒಂದು! ಅದೂ ಹಳೆಯ ದಾಖಲೆಯಂತೆಯೇ ಮಳೆ ಮುಂದುವರಿದರೆ. ಹವಾಮಾನ ಬದಲಾದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಆದ್ದರಿಂದ ಇನ್ನು ಚಿಂತೆಯಿಲ್ಲ ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಮಳೆಗಾಲಕ್ಕೆ ಮೊದಲು ಮನೆ ಮುಂದಿನ ಚರಂಡಿ ಕಟ್ಟಿಕೊಂಡಿದೆಯೇ ನೋಡಿ.