ಹದಿನೈದಕ್ಕೇ ನಿಂತ ಬಂದರುಗಳು

ನಮ್ಮಪ್ಪ ಲಾರಿಗಳ ಮೇಲೆ ಹೆಸರು, ಹೂಬಳ್ಳಿ ಬರೆಯುತ್ತಿದ್ದವರು. ಅಂಗಡಿ ಬೋರ್ಡುಗಳನ್ನೂ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಕಡಿಮೆಯಾಯಿತು. ಡಿಗ್ರಿ ಮುಗಿಸಿದ ನಾನು ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿದ್ದೇನೆ. ಅಪ್ಪನಿಂದ ಕಲಿತ ಚಿತ್ರಕಲೆಯನ್ನು ಓದಿಗೆ ಅಡ್ಡಿ ಎಂದು ಬಿಟ್ಟುಬಿಟ್ಟಿದ್ದೆ. ಒಂದು ದಿನ ಲೈಬ್ರರಿಯಲ್ಲಿ ಯುರೋಪಿನ ಇತಿಹಾಸ ಓದುವಾಗ ಕ್ಲಾಡ್ ಜೋಸೆಫ್ ವರ್ನೆ ಎಂಬ ಫ್ರೆಂಚ್ ಚಿತ್ರಕಾರನ ಪರಿಚಯವಾಯಿತು. ಅವನ ಅಪ್ಪ ಸಾರೋಟುಗಳಿಗೆ ಅಲಂಕಾರದ ಚಿತ್ರ ಬರೆಯುತ್ತಿದ್ದರಂತೆ! ಅಷ್ಟು ಸಾಕಾಯಿತು, ಅವತ್ತಿನ ನೋಟ್ಸ್ ಪಕ್ಕಕ್ಕಿಟ್ಟು ಅವನ ಹಿಂದೆ ಬಿದ್ದೆ.

ವರ್ನೆ ಹುಟ್ಟಿದ್ದು 1714ರಲ್ಲಿ, ಅವಿನ್ಯೋ ಪಟ್ಟಣದಲ್ಲಿ. ಅದು ಸಮುದ್ರತೀರದ ಊರಲ್ಲ. ಮೊದಲ ಪಾಠ ಅಪ್ಪನಿಂದಲೇ. 20ರ ವಯಸ್ಸಿನಲ್ಲಿ ರೋಮ್‌ಗೆ ಹೊರಟ. ಅಲ್ಲಿ ಸುಮಾರು 20 ವರ್ಷ ನೆಲೆಸಿ ಕಡಲು, ಬಿರುಗಾಳಿ, ಬೆಳದಿಂಗಳ ಚಿತ್ರಗಳಿಂದ ಹೆಸರು ಮಾಡಿದ. ಬಿರುಗಾಳಿಯನ್ನು ಕಣ್ಣಾರೆ ಕಾಣಬೇಕೆಂದು ಹಡಗಿನ ಕೂವೆಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡಿದ್ದ ಎಂಬ ಕಥೆಯೂ ಇದೆ. ಅವನ ಮೊಮ್ಮಗ ಹೊರಾಸ್ ವರ್ನೆ 1822ರಲ್ಲಿ ಆ ಕಥೆಯನ್ನೇ ಚಿತ್ರವಾಗಿಸಿದ.

1753ರಲ್ಲಿ ದೊರೆ 15ನೇ ಲೂಯಿಯ ಆಸ್ಥಾನದಿಂದ ಕರೆ ಬಂತು. ಫ್ರಾನ್ಸಿನ ದೊಡ್ಡ ಬಂದರುಗಳನ್ನೆಲ್ಲ ಚಿತ್ರಿಸಬೇಕು, ಒಟ್ಟು 24 ಚಿತ್ರಗಳು, ಒಂದೊಂದಕ್ಕೂ 6,000 ಲಿವ್ರ್. ಸಮುದ್ರದ ಮೇಲೆ ಇಂಗ್ಲೆಂಡಿನ ಜೊತೆ ಪೈಪೋಟಿ ನಡೆದಿದ್ದ ಕಾಲ ಅದು. ದೇಶದ ನೌಕಾಬಲವನ್ನೂ ವ್ಯಾಪಾರವನ್ನೂ ಜನರಿಗೆ ತೋರಿಸುವುದು ಅರಮನೆಯ ಆಸೆ. ವರ್ನೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರಿನಿಂದ ಬಂದರಿಗೆ ಅಲೆದ.

ನನಗೆ ಇಷ್ಟವಾದದ್ದು ಅವನು ಏನನ್ನು ಬರೆದ ಎಂಬುದು. ಪ್ರತಿ ಚಿತ್ರವೂ ಸುಮಾರು ಎಂಟೂವರೆ ಅಡಿ ಅಗಲ. ತುಲೋನ್‌ನಲ್ಲಿ ಸಾಲುಸಾಲು ಫಿರಂಗಿಗಳಿರುವ ಶಸ್ತ್ರಾಗಾರವನ್ನು ಬರೆದ. ಬಂದೋಲ್‌ನಲ್ಲಿ ಟ್ಯೂನಾ ಮೀನಿನ ಬೇಟೆ ಬರೆದ. ಸೆತ್ ಬಂದರನ್ನು ಉಕ್ಕುವ ಅಲೆಗಳ ನಡುವಿನಿಂದ ತೋರಿಸಿದ. ಹಲವು ಕಡೆ ಮುಂದೆ ದುಡಿಯುವ ಜನರೂ ಕಾಣುತ್ತಾರೆ: ಪೀಪಾಯಿ ಉರುಳಿಸುವವರು, ಮೂಟೆ ಹೊರುವವರು, ಮೀನು ಮಾರುವ ಹೆಂಗಸರು. ದೊರೆಯ ಹಣದಲ್ಲಿ ಹಮಾಲರಿಗೂ ಜಾಗ ಸಿಕ್ಕಿತು. ಮಾರ್ಸೇಯ ಒಂದು ಚಿತ್ರದಲ್ಲಿ ತನ್ನನ್ನೂ ತನ್ನ ಕುಟುಂಬವನ್ನೂ ಸೇರಿಸಿಕೊಂಡಿದ್ದಾನೆ.

ಆದರೆ 1756ರಲ್ಲಿ ಏಳು ವರ್ಷಗಳ ಯುದ್ಧ ಶುರುವಾಯಿತು. ಖಜಾನೆ ಬರಿದಾಗಿ ವರ್ನೆಗೆ ಸಂಭಾವನೆ ತಡವಾಗತೊಡಗಿತು. ಅವನು ಚಿತ್ರಿಸಿದ ಕೆಲವೇ ವರ್ಷಗಳಲ್ಲಿ, 1759ರ ಆಗಸ್ಟ್‌ನಲ್ಲಿ, ತುಲೋನ್‌ನಿಂದ ಹೊರಟ ನೌಕಾಪಡೆ ಇಂಗ್ಲಿಷರ ಕೈಯಲ್ಲಿ ಸೋತಿತು. ನವೆಂಬರ್‌ನಲ್ಲಿ ಬ್ರೆಸ್ಟ್‌ನಿಂದ ಹೊರಟ ಪಡೆಯೂ ಕಿಬೆರಾನ್ ಕೊಲ್ಲಿಯಲ್ಲಿ ನುಚ್ಚುನೂರಾಯಿತು. ಫ್ರೆಂಚ್ ಹಡಗುಗಳ ನೆರವಿಲ್ಲದೆ ನಮ್ಮ ಪಕ್ಕದ ಪುದುಚೇರಿ 1761ರ ಜನವರಿಯಲ್ಲಿ ಇಂಗ್ಲಿಷರ ವಶವಾಯಿತು. ಚಿತ್ರದಲ್ಲಿ ಶಾಂತವಾಗಿ ಲಂಗರು ಹಾಕಿದ್ದ ಬಲ ಕಡಲಿನಲ್ಲಿ ಉಳಿಯಲಿಲ್ಲ.

ವರ್ನೆ ಆದರೂ ಕುಂಚ ಕೆಳಗಿಡಲಿಲ್ಲ. ಬೋರ್ಡೋ, ಬಯೋನ್, ಲಾ ರೋಶೆಲ್, ನೌಕಾಪಡೆಯ ಬಂದರಾದ ರೋಶ್‌ಫೋರ್ ಮುಗಿಸಿದ. 1765ರಲ್ಲಿ ದಿಯೆಪ್ ಚಿತ್ರದೊಂದಿಗೆ ಸರಣಿ ನಿಂತಿತು. 24ರಲ್ಲಿ ಆದದ್ದು 15. ಬ್ರೆಸ್ಟ್‌ನಂಥ ಮುಖ್ಯ ನೌಕಾನೆಲೆಯೇ ಬಾಕಿ ಉಳಿಯಿತು. ಮನೆಯಲ್ಲಿ ಹೆಂಡತಿ ವರ್ಜೀನಿಯಾಳ ಮಾನಸಿಕ ಕಾಯಿಲೆಯ ನೋವೂ ಇತ್ತು. ಫ್ರೆಂಚ್ ಕ್ರಾಂತಿ ಆರಂಭವಾದ 1789ರ ಡಿಸೆಂಬರ್‌ನಲ್ಲಿ ವರ್ನೆ ಪ್ಯಾರಿಸ್‌ನಲ್ಲಿ ತೀರಿಕೊಂಡ. ಐದು ವರ್ಷದೊಳಗೆ ಅವನ ಮಗಳು ಎಮಿಲಿಯನ್ನು ಕ್ರಾಂತಿಕಾರಿಗಳು ಗಿಲೊಟಿನ್‌ಗೆ ಕೊಟ್ಟರು. ದೊರೆಯ ಮನೆತನವೂ ಉರುಳಿತು.

ಇಂದು ಆ ಹದಿನೈದು ಚಿತ್ರಗಳು ಪ್ಯಾರಿಸ್‌ನ ನೌಕಾ ವಸ್ತುಸಂಗ್ರಹಾಲಯ ಮತ್ತು ಲೂವ್ರ್‌ನಲ್ಲಿವೆ. ಆ ಕಾಲದ ಬಂದರು ಹೇಗಿತ್ತು, ಜನ ಏನು ಉಡುತ್ತಿದ್ದರು, ಸರಕು ಹೇಗೆ ಇಳಿಸುತ್ತಿದ್ದರು ಎಂದು ತಿಳಿಯಲು ಇತಿಹಾಸಕಾರರು ಅವನ್ನೇ ನೋಡುತ್ತಾರೆ. ಅವನನ್ನು ಯಾರೂ ಒಂಬತ್ತು ಚಿತ್ರ ಬಾಕಿ ಉಳಿಸಿದವನು ಎಂದು ನೆನೆಯುವುದಿಲ್ಲ.

ನಾನು ಎರಡು ಸಲ ಕೆಲವೇ ಅಂಕಗಳಿಂದ ಹಿಂದೆ ಉಳಿದಿದ್ದೇನೆ. ಎಣಿಸುವಾಗ ಯಾವಾಗಲೂ ಆಗದ್ದನ್ನೇ ಎಣಿಸುತ್ತಿದ್ದೆ. ಮುಂದಿನ ಪರೀಕ್ಷೆಗೂ ಕೂರುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಳೆದ ಭಾನುವಾರ ಅಪ್ಪನ ಹಳೆಯ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ತೊಳೆದೆ. ನಮ್ಮೂರಿನ ಎಪಿಎಂಸಿ ಗೇಟಿನ ಮುಂದೆ ನಿಂತು ಮೂಟೆ ಇಳಿಸುವವರ ಚಿತ್ರ ಬರೆಯತೊಡಗಿದ್ದೇನೆ. ಅಪ್ಪ ಹಿಂದೆ ಬಂದು ನಿಂತು ನೋಡಿದರು. ಲಾರಿಯ ಚಕ್ರ ಸರಿಯಾಗಿಲ್ಲ ಎಂದು ತಿದ್ದಿಕೊಟ್ಟರು.